ಟ್ಯೂಬಿನ ಹಸಿರೋ, ಕಲಸಿಕೊಂಡ ಹಸಿರೋ?

ನಿಸರ್ಗಚಿತ್ರ ಬರೆಯುವವರನ್ನು ಹಸಿರು ಕಾಡಿದಷ್ಟು ಬೇರಾವ ಬಣ್ಣವೂ ಕಾಡುವುದಿಲ್ಲ. ಆಕಾಶದ ನೀಲಿ ತುಸು ಹೆಚ್ಚುಕಮ್ಮಿಯಾದರೂ ಕಣ್ಣು ಒಪ್ಪಿಕೊಳ್ಳುತ್ತದೆ. ಎಲೆಯ ಹಸಿರು ಹದ ತಪ್ಪಿದರೆ ಮರಕ್ಕೆ ಜೀವವೇ ಇರುವುದಿಲ್ಲ. ಜೀವನವಿಡೀ ತೈಲವರ್ಣದಲ್ಲೇ ಕೆಲಸ ಮಾಡುತ್ತ ಬಂದವಳು ನಾನು. ಅಂಗಡಿಯಲ್ಲಿ ಟ್ಯೂಬಿನಲ್ಲಿ ಸಿಗುವ ಹಸಿರುಗಳನ್ನೂ ನಾನೇ ಕಲಸಿಕೊಂಡವನ್ನೂ ಒಂದೇ ಮರದ ಮುಂದೆ, ಒಂದೇ ಹೊತ್ತಿನ ಬಿಸಿಲಿನಲ್ಲಿ, ಚಿಕ್ಕ ಬೋರ್ಡುಗಳ ಮೇಲೆ ಹಚ್ಚಿ ನೋಡಿದ್ದೇನೆ.

ಮೊದಲು ಥ್ಯಾಲೋ ಗ್ರೀನ್. 1930ರ ದಶಕದಲ್ಲಿ ಬಂದ ಬಣ್ಣ. ಬೆಳಕಿಗೆ ಮಾಸುವುದಿಲ್ಲ, ಬೆಲೆಯೂ ಹೆಚ್ಚಲ್ಲ. ಆದರೆ ಅದರ ಕಸುವು ವಿಪರೀತ. ಕಾಳಿನಷ್ಟು ಸಾಕು, ಪ್ಯಾಲೆಟ್ಟಿನ (ಬಣ್ಣ ಕಲಸುವ ಹಲಗೆಯ) ಬಿಳಿ, ಹಳದಿ ಎಲ್ಲವನ್ನೂ ನುಂಗಿಬಿಡುತ್ತದೆ. ಬ್ರಷ್ಷಿನ ಬುಡದಲ್ಲಿ ಉಳಿದದ್ದು ಮುಂದೆ ಆಕಾಶಕ್ಕೂ ಹತ್ತುತ್ತದೆ. ಮರಕ್ಕೆ ನಾನು ಇದನ್ನು ಬಳಸುವುದಿಲ್ಲ.

ಸ್ಯಾಪ್ ಗ್ರೀನ್ ಕೈಗೆ ಬಲು ಸುಲಭ. ಹಿಂದೆ ಬಕ್‌ಥಾರ್ನ್ ಎಂಬ ಗಿಡದ ಹಣ್ಣಿನಿಂದ ತೆಗೆಯುತ್ತಿದ್ದರು, ಅದು ಬೆಳಕಿಗೆ ಬೇಗ ಮಾಸುತ್ತಿತ್ತು. ಈಗ ಆ ಹೆಸರಿನಲ್ಲಿ ಬರುವುದು ಹೆಚ್ಚಾಗಿ ಎರಡು ಮೂರು ವರ್ಣದ್ರವ್ಯಗಳ ಮಿಶ್ರಣ. ಟ್ಯೂಬಿನ ಹಿಂಬದಿ ಓದಿದರೆ ಎಷ್ಟೋ ಸಲ ಪಿಜಿ 7 ಎಂಬ ವರ್ಣದ್ರವ್ಯದ ಸಂಕೇತವಿರುತ್ತದೆ, ಅಂದರೆ ಅದೇ ಥ್ಯಾಲೋ. ಒಬ್ಬೊಬ್ಬ ತಯಾರಕರದು ಒಂದೊಂದು ಹದವಾದ್ದರಿಂದ, ಅರ್ಧ ಮುಗಿದ ಚಿತ್ರಕ್ಕೆ ಬೇರೆ ಕಂಪನಿಯ ಟ್ಯೂಬ್ ತಂದರೆ ಹೊಂದುವುದಿಲ್ಲ.

ಕಲಸಿಕೊಳ್ಳುವುದಕ್ಕೆ ಬರೋಣ. ನನ್ನ ಒಲವು ಇಲ್ಲೇ. ಅಲ್ಟ್ರಾಮರೀನ್ ನೀಲಿಗೆ ಕ್ಯಾಡ್ಮಿಯಂ ಹಳದಿ ಸೇರಿಸಿದರೆ ಝಗ್ಗನೆ ಹೊಳೆಯುವ ಹಸಿರು ಬರುವುದಿಲ್ಲ, ಏಕೆಂದರೆ ಆ ನೀಲಿಯಲ್ಲಿ ಕೆಂಪಿನ ಛಾಯೆ ಅಡಗಿದೆ. ಹಾಗೆ ಹುಟ್ಟಿದ ಮಂಕು ಹಸಿರೇ ಬಲಿತ ಎಲೆಯ ನಿಜವಾದ ಬಣ್ಣ. ಚಿಗುರಿಗೆ ನಿಂಬೆ ಹಳದಿಯತ್ತ ಸರಿಯುತ್ತೇನೆ. ಪಾಚಿ, ಒಣಗುತ್ತಿರುವ ಹುಲ್ಲು, ಕೊಂಬೆಗಳ ಒಳನೆರಳು ಬಂದಾಗ ನೀಲಿಯನ್ನೂ ಬಿಟ್ಟು ಐವರಿ ಬ್ಲ್ಯಾಕ್‌ಗೆ ನಿಂಬೆ ಹಳದಿ ಬೆರೆಸುತ್ತೇನೆ. ಕಪ್ಪು, ಹಳದಿ ಕೂಡಿದರೆ ಹಸಿರೇ ಎಂದು ಹೊಸಬರು ಕಣ್ಣರಳಿಸುತ್ತಾರೆ. ಬೆರಕೆಯಲ್ಲಿ ಈ ಕಪ್ಪು ನೀಲಿಯಂತೆ ವರ್ತಿಸುವುದರಿಂದ ಇದು ಸಾಧ್ಯ. ಪ್ಯಾಲೆಟ್ ನೈಫಿನಿಂದ ಪೂರ್ತಿ ಕಲಸದೆ, ಗೆರೆಗೆರೆಯಾಗಿ ಬಿಟ್ಟ ಬಣ್ಣವನ್ನು ಬ್ರಷ್ಷಿಗೆ ಎತ್ತಿಕೊಳ್ಳಿ. ಒಂದೇ ಎಳೆತದಲ್ಲಿ ಒಂದು ಬದಿ ಹಳದಿ, ಇನ್ನೊಂದು ಬದಿ ಕಡುಹಸಿರು ಬೀಳುತ್ತದೆ. ಎಷ್ಟು ವರ್ಷವಾದರೂ ಅದನ್ನು ನೋಡುವ ಸಂತೋಷ ಕಡಿಮೆಯಾಗಿಲ್ಲ. ಯಾವ ಟ್ಯೂಬೂ ಇದನ್ನು ಕೊಡುವುದಿಲ್ಲ.

ಹಾಗೆಂದು ಟ್ಯೂಬಿನ ಹಸಿರನ್ನೆಲ್ಲ ದೂರವಿಟ್ಟಿಲ್ಲ. ವಿರಿಡಿಯನ್ ನನ್ನ ಪೆಟ್ಟಿಗೆಯಲ್ಲಿ ಸದಾ ಇರುತ್ತದೆ. ಗಿನ್ಯೇ ಎಂಬ ಫ್ರೆಂಚ್ ರಸಾಯನಜ್ಞ 1859ರಲ್ಲಿ ಇದರ ತಯಾರಿಕೆಗೆ ಪೇಟೆಂಟ್ ಪಡೆದ. ಆಗ ಬಳಕೆಯಲ್ಲಿದ್ದ ಎಮರಾಲ್ಡ್ ಗ್ರೀನ್‌ನಲ್ಲಿ ಆರ್ಸೆನಿಕ್ ವಿಷವಿತ್ತು. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯಂಥವರು ವಿರಿಡಿಯನ್ನನ್ನು ಧಾರಾಳವಾಗಿ ಬಳಸಿದರು. ತಂಪಾದ, ಪಾರದರ್ಶಕ ಹಸಿರು. ಥ್ಯಾಲೋದಂತೆ ಮೈಮೇಲೆ ಬೀಳುವುದಿಲ್ಲ. ಅಲಿಜರಿನ್ ಕೆಂಪು ಸೇರಿಸಿದರೆ ಸೊಗಸಾದ ಬೂದು ಸಿಗುತ್ತದೆ, ದೂರದ ಬೆಟ್ಟಕ್ಕೆ ಅದಕ್ಕಿಂತ ಚೆನ್ನಾದ ಬಣ್ಣ ನಾನು ಕಂಡಿಲ್ಲ. ಬೆಲೆ ಮಾತ್ರ ಥ್ಯಾಲೋಗಿಂತ ಜಾಸ್ತಿ.

ಕಲಸಿದ ಹಸಿರು ಸೋಲುವ ಜಾಗ ಒಂದಿದೆ: ಹಿಂದಿನಿಂದ ಬಿಸಿಲು ಬಿದ್ದು ಒಳಗೊಳಗೇ ಬೆಳಗುವ ಎಲೆ. ಕ್ಯಾಡ್ಮಿಯಂ ಹಳದಿ ಅಪಾರದರ್ಶಕ, ಬೆಳಕನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ಬರಿಯ ಹಳದಿಯನ್ನು ತೆಳುವಾಗಿ ಹಚ್ಚಿ ಒಣಗಲು ಬಿಡುತ್ತೇನೆ. ಮುಟ್ಟಿದರೆ ಅಂಟದಂತಾದ ಮೇಲೆ, ಎಣ್ಣೆ ತುಸು ಹೆಚ್ಚಿರುವ ವಿರಿಡಿಯನ್ನಿನ ತೆಳುಪದರ ಎಳೆಯುತ್ತೇನೆ. ಮೇಲಿನ ಪದರದಲ್ಲಿ ಎಣ್ಣೆ ಕಡಿಮೆಯಾದರೆ ಮುಂದೆ ಬಿರುಕು ಬಿಡುವ ಅಪಾಯವಿದೆ, ಅದೊಂದನ್ನು ಮರೆಯಬಾರದು.