ಹಳದಿ ಮಲ್ಟಿಮೀಟರ್ ಡಿಟಿ-830ಡಿ: ರೌಟರ್ ಅಡಾಪ್ಟರ್ ಪರೀಕ್ಷೆಗೆ ವರ್ಷಗಟ್ಟಲೆ ಬಳಸಿದ ಮೇಲೆ

ಹಾರ್ಡ್‌ವೇರ್ ಅಂಗಡಿ, ಎಲೆಕ್ಟ್ರಿಕಲ್ ಅಂಗಡಿ, ಆನ್‌ಲೈನ್ ಎಲ್ಲ ಕಡೆ ಸಿಗುವ ಹಳದಿ ಬಣ್ಣದ ಸಣ್ಣ ಮಲ್ಟಿಮೀಟರ್, ಅಂದರೆ ವೋಲ್ಟೇಜ್, ಕರೆಂಟ್ ಅಳೆಯುವ ಸಾಧನ, ಇದು. ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಬರುತ್ತದೆ, ಒಳಗೆ ಹೆಚ್ಚುಕಡಿಮೆ ಒಂದೇ. ಬೆಲೆ 200 ರೂಪಾಯಿ ಆಸುಪಾಸು. ಇಂಟರ್ನೆಟ್ ಮೇಲೆ ಸಂಬಳ ನಿಂತಿರುವ ಮನೆಯಲ್ಲಿ ಇದೊಂದು ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಅದನ್ನು ಹೇಗೆ ಬಳಸಬೇಕು ಅಂತ ಗೊತ್ತಿಲ್ಲದಿದ್ದರೆ, ಒಳ್ಳೆಯ ರೌಟರ್ ಎಸೆದು ಕೆಟ್ಟ ಅಡಾಪ್ಟರ್ ಉಳಿಸಿಕೊಳ್ಳುವ ಅಪಾಯವೂ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನಿರುವುದು ಸಾಗರ ತಾಲೂಕಿನ ಹಳ್ಳಿಯಲ್ಲಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗಿ ಬಂದು ಮಾಡುತ್ತದೆ, ವೋಲ್ಟೇಜ್ ಏರಿಳಿಯುತ್ತದೆ. ಮನೆಯಿಂದ ಕೆಲಸ ಮಾಡುವವರು ಊರಲ್ಲಿ ಜಾಸ್ತಿ ಆದ ಮೇಲೆ ರೌಟರ್ ಕೆಟ್ಟರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ನನ್ನ ಬಳಿ ಮೀಟರ್ ಇದೆ ಅಂತ ಗೊತ್ತಾದ ಮೇಲೆ ಅಕ್ಕಪಕ್ಕದವರು ರೌಟರ್ ಹಿಡಿದುಕೊಂಡು ಬರತೊಡಗಿದರು. "ತಮ್ಮಾ, ಇದು ಹೋಗಿದೆಯಂತೆ, ಹೊಸದು ತಗೋಬೇಕಂತೆ, ಒಂದ್ಸಲ ನೋಡ್ತೀಯಾ?" ಅಂತ ಕೇಳುತ್ತಾರೆ. ಹೀಗೆ ಬಂದವುಗಳಲ್ಲಿ ರೌಟರ್ ಸರಿಯಾಗಿದ್ದು ಅಡಾಪ್ಟರ್ ಮಾತ್ರ ಸೋತಿದ್ದವೇ ಹೆಚ್ಚು.

ಮೀಟರ್ ಕೈಗೆ ತೆಗೆದುಕೊಳ್ಳುವ ಮುಂಚೆ ಕಣ್ಣಲ್ಲಿ ನೋಡಬೇಕಾದದ್ದು ಇದೆ. ಫೈಬರ್ ರೌಟರ್‌ನಲ್ಲಿ ಎಲ್‌ಒಎಸ್ (ಸಿಗ್ನಲ್ ಬರುತ್ತಿಲ್ಲ ಅನ್ನುವ) ದೀಪ ಕೆಂಪಾಗಿದ್ದು ಪವರ್ ದೀಪ ಎಂದಿನಂತೆ ಉರಿಯುತ್ತಿದ್ದರೆ ಅದು ಫೈಬರ್ ತೊಂದರೆ. ಅಡಾಪ್ಟರ್ ಮುಟ್ಟಬೇಡಿ, ಕೇಬಲ್‌ನವರಿಗೆ ಫೋನ್ ಮಾಡಿ. ಎಲ್ಲ ದೀಪ ಒಟ್ಟಿಗೆ ಆರಿ, ಮತ್ತೆ ಒಂದೊಂದಾಗಿ ಹತ್ತಿದರೆ ರೌಟರ್ ರೀಸ್ಟಾರ್ಟ್ ಆಗಿದೆ ಅಂತ ಅರ್ಥ. ದೀಪ ನೋಡುತ್ತಾ ಕೂರಲು ಆಗದಿದ್ದರೆ ರೌಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ 'ಸಿಸ್ಟಮ್ ಅಪ್‌ಟೈಮ್', ಅಂದರೆ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು ನೋಡಿ. ನೀವು ಆಫ್ ಮಾಡದೇ ಇದ್ದರೂ ಅದು ಕೆಲವೇ ನಿಮಿಷ ತೋರಿಸುತ್ತಿದ್ದರೆ ಇಂಟರ್ನೆಟ್ ಕಂಪನಿಯ ತಪ್ಪಲ್ಲ, ನಿಮ್ಮ ಮನೆಯೊಳಗೇ ರೌಟರ್ ಸತ್ತು ಹುಟ್ಟುತ್ತಿದೆ. ಲಾಗ್‌ನಲ್ಲೂ, ಅಂದರೆ ರೌಟರ್ ತಾನೇ ಬರೆದಿಡುವ ದಾಖಲೆಯಲ್ಲೂ, ಸುಳಿವು ಸಿಗುತ್ತದೆ. ಹೆಚ್ಚಿನ ರೌಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಆನ್ ಆದ ತಕ್ಷಣ ಬಹಳಷ್ಟು ರೌಟರ್‌ಗಳು 1970ರ ಜನವರಿ 1 ಅಂತ ಬರೆದುಕೊಳ್ಳುತ್ತವೆ, ನೆಟ್ ಸಿಕ್ಕ ಮೇಲೆ ಸರಿಯಾದ ದಿನಾಂಕ ಹಿಡಿಯುತ್ತವೆ. ಲಾಗ್‌ನ ನಡುವೆ 1970 ಕಂಡರೆ ಅಲ್ಲೊಂದು ರೀಸ್ಟಾರ್ಟ್ ಆಗಿದೆ.

ಈಗ ಮೀಟರ್‌ಗೆ ಬರೋಣ. ನಾಬ್ ಅನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕಪ್ಪು ವೈರ್ ಕಾಮ್ (COM) ಅಂತ ಬರೆದ ಸಾಕೆಟ್‌ಗೆ, ಕೆಂಪು ವೈರ್ ನಡುವಿನ ವೋಲ್ಟ್-ಓಮ್ ಸಾಕೆಟ್‌ಗೆ. ಕೆಂಪು ವೈರ್ 10 ಆಂಪ್ ಸಾಕೆಟ್‌ನಲ್ಲಿದ್ದಾಗ ವೋಲ್ಟೇಜ್ ಅಳೆಯಲು ಹೋದರೆ ಅಡಾಪ್ಟರ್ ನೇರ ಶಾರ್ಟ್ ಆಗುತ್ತದೆ. ಆ ಸಾಕೆಟ್‌ಗೆ ಒಳಗೆ ಫ್ಯೂಸ್ ಕೂಡ ಇಲ್ಲ, ಮುಖದ ಮೇಲೇ ಹಾಗಂತ ಬರೆದಿರುತ್ತದೆ. ನಾನು ಆ ಸಾಕೆಟ್‌ಗೆ ಟೇಪ್ ಅಂಟಿಸಿ ಮುಚ್ಚಿದ್ದೇನೆ. ಮನೆಯಲ್ಲಿ ಮಕ್ಕಳೂ ಬಳಸುವುದಿದ್ದರೆ ನೀವೂ ಹಾಗೆ ಮಾಡಿ.

ಅಡಾಪ್ಟರ್ ಪಿನ್‌ನ ಒಳಗೆ ಕೆಂಪು, ಹೊರಗಿನ ಲೋಹಕ್ಕೆ ಕಪ್ಪು. ಹೆಚ್ಚಿನ ರೌಟರ್ ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್ ಇರುತ್ತದೆ, ಲೇಬಲ್ ಮೇಲೆ ಅದರ ಚಿತ್ರವಿರುತ್ತದೆ. 12 ವೋಲ್ಟ್ ಅಂತ ಬರೆದಿದ್ದರೆ 12.1, 12.2 ಹೀಗೆ ಬರುತ್ತದೆ. ಇಲ್ಲಿಗೇ ನಿಲ್ಲಿಸಿ, "ಅಡಾಪ್ಟರ್ ಸರಿ ಇದೆ, ರೌಟರ್ ಹೋಗಿದೆ" ಅಂತ ತೀರ್ಮಾನಿಸುವವರು ತುಂಬಾ ಜನ. ರಿಪೇರಿ ಅಂಗಡಿಗಳಲ್ಲೂ ಇದನ್ನು ನೋಡಿದ್ದೇನೆ. ನನಗೆ ಸಿಟ್ಟು ಬರುವುದೂ ಇಲ್ಲೇ. ಏನೂ ಜೋಡಿಸದೆ ಅಳೆದ ವೋಲ್ಟೇಜ್ ಒಂದೇ ಒಂದು ವಿಷಯ ಹೇಳುತ್ತದೆ: ಅಡಾಪ್ಟರ್ ಪೂರ್ತಿ ಸತ್ತಿಲ್ಲ. ಎರಡು ಕೆಜಿ ಎತ್ತಲಾಗದವನೂ ಬರಿಗೈಯಲ್ಲಿ ನೆಟ್ಟಗೆ ನಿಲ್ಲುತ್ತಾನೆ ಅಲ್ವಾ, ಹಾಗೆ.

ಯಾಕೆ ಹೀಗಾಗುತ್ತದೆ ಅಂದರೆ, ಅಡಾಪ್ಟರ್ ಒಳಗೆ 230 ವೋಲ್ಟ್ ಎಸಿ ಮೊದಲು ಡಿಸಿ ಆಗಿ 325 ವೋಲ್ಟ್ ಹತ್ತಿರ ಹೋಗುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು, ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ 12 ವೋಲ್ಟ್‌ಗೆ ಇಳಿಸುತ್ತದೆ. ಕೊನೆಯಲ್ಲಿ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಅದನ್ನು ಸಮ ಮಾಡುತ್ತದೆ. ಆ ಕೆಪಾಸಿಟರ್ ಒಳಗಿರುವ ದ್ರವ ಬಿಸಿಗೆ ನಿಧಾನವಾಗಿ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ಹಳೆಯ ಲೆಕ್ಕ. ರೌಟರ್ ಅಡಾಪ್ಟರ್ ಹಗಲೂ ರಾತ್ರಿ ಓಡುತ್ತದೆ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಬಹಳ ಸಲ ಟಿವಿ ಹಿಂದೆ. ಒಣಗಿದ ಕೆಪಾಸಿಟರ್ ಲೋಡ್ (ಕರೆಂಟ್ ಎಳೆಯುವ ಸಾಧನ) ಇಲ್ಲದಾಗ ಚೆನ್ನಾಗಿಯೇ ತೋರುತ್ತದೆ. ರೌಟರ್ ಕರೆಂಟ್ ಎಳೆದ ಕೂಡಲೇ ಕುಸಿಯುತ್ತದೆ. ಅದಕ್ಕೇ ರಾತ್ರಿ ಎಲ್ಲರೂ ವೀಡಿಯೋ ನೋಡುವಾಗ ರೌಟರ್ ರೀಸ್ಟಾರ್ಟ್ ಆಗುತ್ತದೆ, ಬೆಳಗಿನ ಜಾವ ಏನೂ ಆಗಿರುವುದಿಲ್ಲ.

ಹಾಗಾಗಿ ರೌಟರ್ ಓಡುತ್ತಿರುವಾಗಲೇ ಅಳೆಯಬೇಕು. ಅದಕ್ಕೆ ಬೇಕಾದ ಸಾಮಾನು ಸಿಸಿಟಿವಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದು ಡಿಸಿ ಸ್ಪ್ಲಿಟರ್ ಕೇಬಲ್, ಅಂದರೆ ಒಂದು ಅಡಾಪ್ಟರ್‌ನಿಂದ ಎರಡು ಕ್ಯಾಮೆರಾಗೆ ಕೊಡುವ ಕವಲು ವೈರ್. ಜೊತೆಗೆ ಸ್ಕ್ರೂ ಇರುವ ಹಸಿರು ಡಿಸಿ ಕನೆಕ್ಟರ್. ಒಂದು ಕವಲು ರೌಟರ್‌ಗೆ, ಇನ್ನೊಂದಕ್ಕೆ ಹಸಿರು ಕನೆಕ್ಟರ್ ಸಿಕ್ಕಿಸಿ ಅದರ ಸ್ಕ್ರೂಗಳ ಮೇಲೆ ಮೀಟರ್. ರೌಟರ್ ಆನ್ ಆಗುವಾಗಿನಿಂದ ನೋಡುತ್ತಾ ಇರಿ. ಎರಡು ಮೂರು ಮೊಬೈಲ್‌ನಲ್ಲಿ ವೀಡಿಯೋ ಹಾಕಿ ಮತ್ತೆ ನೋಡಿ. ಒಳ್ಳೆಯ 12 ವೋಲ್ಟ್ ಅಡಾಪ್ಟರ್ 11.8ರಿಂದ 12ರ ಆಸುಪಾಸಿನಲ್ಲಿ ಕದಲದೆ ನಿಲ್ಲುತ್ತದೆ. ಶೇಕಡಾ 5ರಷ್ಟು ಹೆಚ್ಚುಕಡಿಮೆ ಸಾಮಾನ್ಯ, ಹಾಗಾಗಿ 11.4ಕ್ಕಿಂತ ಕೆಳಗೆ ಬಂದರೆ ನಾನು ಅಡಾಪ್ಟರ್ ಮೇಲೆ ಅನುಮಾನ ಪಡುತ್ತೇನೆ. ಪಕ್ಕದ ಮನೆಯ ಅಣ್ಣನ ಅಡಾಪ್ಟರ್ ಖಾಲಿ ಇದ್ದಾಗ 12.1 ತೋರಿಸಿತ್ತು. ರೌಟರ್ ಹಾಕಿದ ಮೇಲೆ 9ರಿಂದ 11ರ ನಡುವೆ ಕುಣಿಯತೊಡಗಿತು. ಬೇರೆ ಅಡಾಪ್ಟರ್ ಹಾಕಿದೆವು. ಆ ರೌಟರ್ ಇವತ್ತಿಗೂ ಓಡುತ್ತಿದೆ.

ರೌಟರ್ ಮೇಲೂ ಅನುಮಾನ ಇದ್ದರೆ ಅದನ್ನು ಬಿಟ್ಟು ಬೇರೆ ಲೋಡ್ ಹಾಕಬೇಕು. ಬೈಕ್ ಇಂಡಿಕೇಟರ್‌ನ 12 ವೋಲ್ಟ್ 10 ವ್ಯಾಟ್ ಬಲ್ಬ್ 0.8 ಆಂಪ್ ಚಿಲ್ಲರೆ ಎಳೆಯುತ್ತದೆ. 1 ಆಂಪ್ ಅಡಾಪ್ಟರ್‌ಗೆ ಇದು ತಕ್ಕ ಪರೀಕ್ಷೆ. ಒಂದು ತೊಡಕಿದೆ. ತಣ್ಣಗಿರುವ ಬಲ್ಬ್ ಮೊದಲ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆಗ ಒಳ್ಳೆಯ ಅಡಾಪ್ಟರ್ ಕೂಡ ಓವರ್‌ಲೋಡ್ ಅಂದುಕೊಂಡು ಆಫ್ ಆಗಬಹುದು. ಅಂಥ ಕಡೆ 22 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಒಳ್ಳೆಯದು. ಬೆಂಗಳೂರಿನವರಿಗೆ ಎಸ್‌ಪಿ ರೋಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಅದು ಅರ್ಧ ಆಂಪ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಚೆನ್ನಾಗಿ ಬಿಸಿಯಾಗುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಅಡಾಪ್ಟರ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಾ ಅದರ ದೀಪ ಮಿಣುಕುತ್ತಿದ್ದರೆ ಪಿನ್ ಕಿತ್ತು ನೋಡಿ. ಕಿತ್ತ ಮೇಲೂ ಮಿಣುಕಿದರೆ ಅಡಾಪ್ಟರೇ ಹೋಗಿದೆ. ಕಿತ್ತ ಕೂಡಲೇ ಸರಿಯಾದರೆ ರೌಟರ್ ಒಳಗೆ ಶಾರ್ಟ್ ಇರಬಹುದು. ಆಗ ಮೀಟರ್‌ನ ಬೀಪ್ ಉಪಯೋಗಕ್ಕೆ ಬರುತ್ತದೆ: ನಾಬ್ ಅನ್ನು ಬೀಪ್ ಗುರುತಿಗೆ ತಿರುಗಿಸಿದರೆ, ಎರಡು ತುದಿ ನೇರ ಕೂಡಿಕೊಂಡಾಗ ಅದು ಕೂಗುತ್ತದೆ. ಕರೆಂಟ್ ಪೂರ್ತಿ ತೆಗೆದು, ರೌಟರ್‌ನ ಡಿಸಿ ಜ್ಯಾಕ್‌ನ ಎರಡು ತುದಿಗೆ ಪ್ರೋಬ್ (ಮೀಟರ್ ವೈರ್‌ನ ಮೊನೆ) ಇಡಿ. ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವಾಗ ಒಂದು ಕ್ಷಣ ಬೀಪ್ ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದೆ ಕೂಗುತ್ತಲೇ ಇದ್ದರೆ ಶಾರ್ಟ್ ಇದೆ. ಗುಡುಗು ಸಿಡಿಲಿನ ಮಾರನೇ ದಿನ ಬರುವ ರೌಟರ್‌ಗಳಲ್ಲಿ ಇದನ್ನು ಕಂಡಿದ್ದೇನೆ.

ಇನ್ನೊಂದು ಸಾಮಾನ್ಯ ತೊಂದರೆ ವೈರ್‌ನದು. ಪಿನ್ ಬುಡದಲ್ಲಿ ವೈರ್ ಬಾಗಿ ಬಾಗಿ ಒಳಗೇ ತುಂಡಾಗಿರುತ್ತದೆ. ಮೀಟರ್ ನೋಡುತ್ತಾ ಅಲ್ಲಿ ಮೆಲ್ಲಗೆ ಅಲುಗಿಸಿ, ಅಂಕಿ ಹಾರಿದರೆ ಸಿಕ್ಕಿತು. ಬದಲಿ ಅಡಾಪ್ಟರ್ ಹಾಕಿದವರಿಗೆ ಮತ್ತೊಂದು ತಾಪತ್ರಯ: ಹೊರಗಿನ ಅಳತೆ 5.5 ಮಿಲಿಮೀಟರ್ ಆಗಿದ್ದರೂ ಒಳಗಿನ ತೂತು 2.1 ಮತ್ತು 2.5 ಎರಡೂ ಇವೆ. 2.5ರ ಪಿನ್ 2.1ರ ಜ್ಯಾಕ್‌ಗೆ ಹೋಗುತ್ತದೆ, ಆದರೆ ಸಡಿಲ. ಯಾರಾದರೂ ಮೇಜು ತಾಗಿದರೂ ರೌಟರ್ ಆಫ್. ಬದಲಿ ತರುವಾಗ ವೋಲ್ಟ್ ಅಷ್ಟೇ ಇರಬೇಕು. ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ರೌಟರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. 9 ವೋಲ್ಟ್ ರೌಟರ್‌ಗೆ ಸೆಟ್‌ಟಾಪ್ ಬಾಕ್ಸ್‌ನ 12 ವೋಲ್ಟ್ ಅಡಾಪ್ಟರ್ ಮಾತ್ರ ಬೇಡವೇ ಬೇಡ.

ಕರೆಂಟ್ ಹೋದ ಪ್ರತಿ ಸಲವೂ, ಇನ್ವರ್ಟರ್ ಇದ್ದರೂ, ರೌಟರ್ ರೀಸ್ಟಾರ್ಟ್ ಆಗುತ್ತದೆಯೇ? ಮೊದಲು ಇನ್ವರ್ಟರ್ ಹಿಂದಿನ ಸ್ವಿಚ್ ನೋಡಿ. ನಾರ್ಮಲ್ ಅಥವಾ ಇಕೋ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಹೊತ್ತು ಹಿಡಿಯುತ್ತದೆ, ಯುಪಿಎಸ್ ಮೋಡ್‌ನಲ್ಲಿ ಬೇಗ ಬದಲಾಗುತ್ತದೆ. ಆದರೆ ನಮ್ಮ ಕಡೆಯಂತೆ ಲೋ ವೋಲ್ಟೇಜ್ ಇದ್ದರೆ ಯುಪಿಎಸ್ ಮೋಡ್ ಪದೇ ಪದೇ ಬ್ಯಾಟರಿಗೆ ಹೋಗುತ್ತದೆ. ನಾನು ಆಮೇಲೆ ರೌಟರ್‌ಗೆ ಬೇರೆಯೇ 12 ವೋಲ್ಟ್ ಮಿನಿ ಯುಪಿಎಸ್ ಹಾಕಿದೆ. ಅದನ್ನೂ ಹೀಗೇ ಪರೀಕ್ಷಿಸುತ್ತೇನೆ: ಸ್ಪ್ಲಿಟರ್ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಮೇಲೆ ಓಡುವಾಗ ವೋಲ್ಟೇಜ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುತ್ತೇನೆ.

ಈ ಮೀಟರ್ ಕೈಕೊಡುವ ಜಾಗವನ್ನೂ ಹೇಳಲೇಬೇಕು. ಇದು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ವೋಲ್ಟೇಜ್ ಬಿದ್ದು ಎದ್ದರೆ ಇದಕ್ಕೆ ಗೊತ್ತೇ ಆಗುವುದಿಲ್ಲ. ಡಿಸಿ ಮೇಲೆ ಸವಾರಿ ಮಾಡುವ ಅಲೆ, ಅಂದರೆ ರಿಪಲ್, ಇದರಲ್ಲಿ ಕಾಣುವುದಿಲ್ಲ. ಎಸಿ ರೇಂಜ್‌ಗೆ ತಿರುಗಿಸಿ ರಿಪಲ್ ನೋಡಬಹುದು ಅಂತ ಕೆಲವರು ಹೇಳುತ್ತಾರೆ, ಈ ಮೀಟರ್‌ನಲ್ಲಿ ಅದು ನಡೆಯುವುದಿಲ್ಲ. ಇದರ ಎಸಿ ರೇಂಜ್ ಡಿಸಿಯನ್ನು ತಡೆಯುವುದಿಲ್ಲ. ಶುದ್ಧ 12 ವೋಲ್ಟ್ ಡಿಸಿ ಕೊಟ್ಟರೂ ಪ್ರೋಬ್ ಒಂದು ಕಡೆ ಇಟ್ಟಾಗ ಎರಡು ಪಟ್ಟಿಗಿಂತ ಜಾಸ್ತಿ, ಅದಲುಬದಲು ಮಾಡಿದರೆ ಸೊನ್ನೆ ತೋರಿಸುತ್ತದೆ. ಅದನ್ನು ನೋಡಿ ಅಡಾಪ್ಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಒಂದು ಅಡಾಪ್ಟರ್ ಲೋಡ್‌ನಲ್ಲೂ 11.9 ನೆಟ್ಟಗೆ ತೋರಿಸುತ್ತಿತ್ತು, ಆದರೂ ರೌಟರ್ ರೀಸ್ಟಾರ್ಟ್ ಆಗುತ್ತಲೇ ಇತ್ತು. ಅಡಾಪ್ಟರ್ ಬದಲಿಸಿದಾಗ ಮಾತ್ರ ಸರಿಯಾಯಿತು. ಅಂಥದ್ದಕ್ಕೆ ವೋಲ್ಟೇಜ್‌ನ ಅಲೆಯನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ಬೇಕು, ಇಲ್ಲವೇ ಚೆನ್ನಾಗಿರುವ ಇನ್ನೊಂದು ಅಡಾಪ್ಟರ್ ಹಾಕಿ ಒಂದು ದಿನ ಬಿಡಬೇಕು. ಎರಡನೆಯದೇ ಮನೆಯವರಿಗೆ ಸುಲಭ.

ಮೀಟರ್‌ನ 9 ವೋಲ್ಟ್ ಬ್ಯಾಟರಿ ಇಳಿದಾಗ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸತೊಡಗುತ್ತದೆ. ಸೋತ ಅಡಾಪ್ಟರ್ ಕೂಡ ಆಗ ಒಳ್ಳೆಯದಾಗಿ ಕಾಣುತ್ತದೆ. ಡಿಸ್‌ಪ್ಲೇ ಮೂಲೆಯ ಬ್ಯಾಟರಿ ಗುರುತು ಕಡೆಗಣಿಸಬೇಡಿ. ಅನುಮಾನ ಬಂದರೆ ಹೊಸ 1.5 ವೋಲ್ಟ್ ಸೆಲ್ ಅಳೆದು ನೋಡಿ, 1.6 ದಾಟಿ ಬಹಳ ಮೇಲೆ ತೋರಿಸಿದರೆ ಬ್ಯಾಟರಿ ಬದಲಿಸಿ. ಬದಲಿಸಲು ಹಿಂದಿನ ಸ್ಕ್ರೂ ಬಿಚ್ಚಬೇಕು, ಅದೊಂದು ಕಿರಿಕಿರಿ. ಆಫ್ ಮಾಡಲು ಮರೆತರೆ ತಾನಾಗಿ ಆಫ್ ಆಗುವುದಿಲ್ಲ. ಜೊತೆಗೆ ಬರುವ ಪ್ರೋಬ್ ವೈರ್ ತೀರಾ ತೆಳು. ನನ್ನದು ಹಿಡಿಯ ಹತ್ತಿರ ತುಂಡಾಯಿತು, ದಪ್ಪ ಸಿಲಿಕಾನ್ ವೈರ್‌ನ ಪ್ರೋಬ್ ಬೇರೆ ಕೊಂಡೆ. ನಾಬ್ ಈಗ ಸ್ವಲ್ಪ ಸಡಿಲ, ಅಂಕಿ ಮಾತ್ರ ಇನ್ನೂ ನಂಬುವ ಹಾಗಿದೆ. ಗೋಡೆಯ ಪ್ಲಗ್‌ನ 230 ವೋಲ್ಟ್ ಅಳೆಯಲು ನಾನು ಇದನ್ನು ಬಳಸುವುದಿಲ್ಲ, ಇಷ್ಟು ಅಗ್ಗದ ಮೀಟರ್‌ನ ಒಳಗಿನ ರಕ್ಷಣೆ ಮೇಲೆ ನನಗೆ ಭರವಸೆ ಇಲ್ಲ. ಅಡಾಪ್ಟರ್ ಬಿಚ್ಚುವುದಂತೂ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಮುನ್ನೂರು ವೋಲ್ಟ್ ಉಳಿದಿರಬಹುದು.

ಕೊಳ್ಳುವವರು ಅಂಗಡಿಯಲ್ಲೇ ಎರಡು ಪ್ರೋಬ್ ತಾಗಿಸಿ ಬೀಪ್ ಬರುತ್ತದೆಯಾ ನೋಡಿ. ಇದೇ ರೂಪದ ಕೆಲವು ಮಾಡೆಲ್‌ಗಳಲ್ಲಿ ಬೀಪ್ ಇರುವುದಿಲ್ಲ, 830ಬಿ ಅಂಥದ್ದು. ಜೊತೆಗೆ ಬಂದ ಬ್ಯಾಟರಿ ತೆಗೆದು ಒಳ್ಳೆಯ ಆಲ್ಕಲೈನ್ ಹಾಕಿ. ಸ್ಪ್ಲಿಟರ್ ಕೇಬಲ್, ಹಸಿರು ಕನೆಕ್ಟರ್ ಅದೇ ದಿನ ತಂದುಬಿಡಿ. ಜೂನ್ ಮಳೆ ಹಿಡಿದ ಮೇಲೆ ಪೇಟೆಗೆ ಹೋಗಲು ಆಗದ ದಿನವೇ ರೌಟರ್ ಆಫ್ ಆಗುವುದು ಜಾಸ್ತಿ.