ಮಕ್ಕಳ ಚೆಕ್-ಇನ್: ಪ್ಲಾನಿಂಗ್ ಸೆಂಟರ್ ಜೊತೆಗೆ ಬ್ರದರ್ ಪ್ರಿಂಟರ್ ಹೇಗಿದೆ?

ಆರಾಧನೆಗೆ ಹತ್ತು ನಿಮಿಷ ಇರುವಾಗ ಸಂಡೇ ಸ್ಕೂಲ್ ಬಾಗಿಲಲ್ಲಿ ನೂಕುನುಗ್ಗಲು. ಬಂದ ಮಕ್ಕಳನ್ನು ದಾಖಲಿಸಿ ಚೀಟಿ ಕೊಡುವ ಚೆಕ್-ಇನ್ ಸಾಫ್ಟ್‌ವೇರಿಗೆ ಪರೀಕ್ಷೆ ಆಗಲೇ. ಚರ್ಚುಗಳಿಗೆಂದೇ ಇರುವ ಪ್ಲಾನಿಂಗ್ ಸೆಂಟರ್ ಚೆಕ್-ಇನ್ಸ್ ಅದರಲ್ಲಿ ಪಾಸಾಗುತ್ತದೆ. ಫೋನ್ ನಂಬರ್ ಒತ್ತಿದರೆ ಮನೆಮಂದಿಯ ಹೆಸರು ಬರುತ್ತದೆ, ಬಂದ ಮಕ್ಕಳನ್ನು ಟಿಕ್ ಮಾಡಿದರೆ ಸಾಕು. ಮಗುವಿಗೊಂದು ಚೀಟಿ, ಪೋಷಕರಿಗೊಂದು ಚೀಟಿ. ಎರಡರಲ್ಲೂ ಒಂದೇ ಕೋಡ್. ಮುಂದಿನ ವಾರ ಬೇರೆ ಕೋಡ್, ಹಾಗಾಗಿ ಹಳೇ ಚೀಟಿ ತಂದರೆ ನಡೆಯುವುದಿಲ್ಲ.

ಚೀಟಿಯನ್ನು ಮಗುವಿನ ಬೆನ್ನಿಗೆ, ಭುಜದ ಕೆಳಗೆ ಅಂಟಿಸಿ. ಎದೆಗೆ ಅಂಟಿಸಿದರೆ ಎರಡು ವರ್ಷದ ಮಗು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಅಲರ್ಜಿಯ ವಿವರವೂ ಚೀಟಿಯಲ್ಲಿ ಬರುವಂತೆ ಮಾಡಬಹುದು. ಜಾಗ ಕಡಿಮೆ, ಆದ್ದರಿಂದ 'ಶೇಂಗಾ ಅಲರ್ಜಿ' ಎಂದಷ್ಟೇ ಬರೆದರೆ ಟೀಚರಿನ ಕಣ್ಣಿಗೆ ಬೀಳುತ್ತದೆ. ಮನೆಗೆ ಹೊರಡುವಾಗ ಚೀಟಿ ಕಿತ್ತುಬಿಡಿ. ರಸ್ತೆಯಲ್ಲಿ ಅಪರಿಚಿತರು ಮಗುವನ್ನು ಹೆಸರು ಹಿಡಿದು ಕರೆಯುವಂತಾಗಬಾರದು.

ಪ್ರಿಂಟರ್ ವಿಷಯಕ್ಕೆ ಬಂದರೆ, ಬ್ರದರ್ ಕ್ಯೂಎಲ್-820ಎನ್‌ಡಬ್ಲ್ಯೂಬಿ ಒಳ್ಳೆ ಆಯ್ಕೆ. ಶಾಯಿ ಬೇಡ, 62 ಮಿ.ಮೀ. ಅಗಲದವರೆಗಿನ ರೋಲ್ ಹಿಡಿಸುತ್ತದೆ, ತಾನೇ ಕತ್ತರಿಸುತ್ತದೆ. ಬ್ಲೂಟೂತ್, ವೈ-ಫೈ, ಲ್ಯಾನ್ ಮೂರೂ ಇವೆ. ಎರಡು ಐಪ್ಯಾಡ್‌ಗೆ ಒಂದೇ ಪ್ರಿಂಟರ್ ಇದ್ದರೆ ಬ್ಲೂಟೂತ್ ಬಿಟ್ಟು ಲ್ಯಾನ್ ಕೇಬಲ್ ಹಾಕಿ. 'ಹೋದ ವಾರ ಚೆನ್ನಾಗಿತ್ತು, ಈ ವಾರ ಪ್ರಿಂಟೇ ಬರ್ತಿಲ್ಲ' ಎನ್ನುವ ದೂರಿಗೆ ಎಷ್ಟೋ ಸಲ ಕಾರಣ ರೂಟರ್ ಪ್ರಿಂಟರಿಗೆ ಹೊಸ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ಕೊಟ್ಟಿರುವುದು. ರೂಟರಿನಲ್ಲಿ ಆ ವಿಳಾಸ ಕಾಯ್ದಿರಿಸಿದರೆ ಈ ತಲೆನೋವು ಮುಗಿಯಿತು. ಸೆಟ್ಟಿಂಗಿನಲ್ಲಿ ಒಂದು ಅಳತೆ, ಒಳಗೆ ಇನ್ನೊಂದು ಅಳತೆಯ ರೋಲ್ ಇದ್ದರೂ ಪ್ರಿಂಟರ್ ಮುಷ್ಕರ ಹೂಡುತ್ತದೆ. ಶಾಖದಿಂದ ಅಕ್ಷರ ಮೂಡುವ ಥರ್ಮಲ್ ಕಾಗದವಾದ್ದರಿಂದ ಬಿಸಿಲಿಗೆ ಬಿಟ್ಟ ರೋಲ್ ಕಪ್ಪಾಗುತ್ತದೆ.

ಡೈಮೋ 550 ಎಂಬ ಲೇಬಲ್ ಪ್ರಿಂಟರ್ ಕೂಡ ಸಿಗುತ್ತದೆ. ಆದರೆ ಅದು ಡೈಮೋ ಕಂಪನಿಯದೇ ಲೇಬಲ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ರೋಲ್ ಮುಗಿದ ಭಾನುವಾರ ಬೆಳಗ್ಗೆ ಅದು ದೊಡ್ಡ ಅಡಚಣೆ.

ಇಷ್ಟೆಲ್ಲ ಇದ್ದೂ ವ್ಯವಸ್ಥೆ ಸೋಲುವುದು ಮಗುವನ್ನು ಒಪ್ಪಿಸುವಾಗ. ಮುಖಪರಿಚಯ ಇದೆಯೆಂದು ಚೀಟಿ ನೋಡದೆ ಕಳಿಸುವುದೇ ಮೊದಲ ತಪ್ಪು. ತಂದೆತಾಯಿ ಬೇರೆಯಾಗಿ, ಮಗು ಯಾರ ಬಳಿ ಇರಬೇಕೆಂದು ಕೋರ್ಟ್ ಆದೇಶವಿದ್ದರೆ, ಪರಿಚಿತ ಮುಖವೇ ಅಪಾಯ. ಬಾಗಿಲಲ್ಲಿ ಒಬ್ಬರು ಎರಡೂ ಕೋಡ್‌ಗಳನ್ನು ಗಟ್ಟಿಯಾಗಿ ಓದಲಿ, ಹೊಂದಿದ ಮೇಲಷ್ಟೇ ಗೇಟ್ ತೆಗೆಯಲಿ. ಚೀಟಿ ಕಳೆದಿದೆ ಎಂದರೆ ಫೋಟೊ ಇರುವ ಗುರುತಿನ ಚೀಟಿಯನ್ನು ದಾಖಲೆಯ ಜೊತೆ ಹೋಲಿಸಿ, ಮೇಲ್ವಿಚಾರಕರಿಂದ ಸಹಿ ಹಾಕಿಸಿ. ಅಣ್ಣ-ಅಕ್ಕ ಬಂದರೆಂದು ಚಿಕ್ಕವರನ್ನು ಕಳಿಸಬೇಡಿ. ಕೋಣೆಯಲ್ಲಿ ಸಂಬಂಧಿಕರಲ್ಲದ ಇಬ್ಬರು ದೊಡ್ಡವರು ಸದಾ ಇರಲಿ. ಇದನ್ನು ಯಾವ ಆ್ಯಪೂ ನೋಡಿಕೊಳ್ಳುವುದಿಲ್ಲ. ಗಂಡ-ಹೆಂಡತಿಯನ್ನು ಇಬ್ಬರೆಂದು ಎಣಿಸುವ ರೂಢಿ ಹಲವೆಡೆ ಇದೆ, ಸರಿಯಲ್ಲ.

ಟೀಚರ್ ಬಳಿ ರೋಸ್ಟರ್ (ಬಂದ ಮಕ್ಕಳ ಪಟ್ಟಿ) ಪರದೆ ತೆರೆದ ಒಂದು ಟ್ಯಾಬ್ ಇದ್ದರೆ ಕೋಣೆಯಲ್ಲಿ ಯಾರಿದ್ದಾರೆಂದು ಗೊತ್ತಾಗುತ್ತದೆ. ಬೆಂಕಿ ಅಲಾರಂ ಬಾರಿಸಿದಾಗ ತಲೆ ಎಣಿಸಲು ಅದೇ ಪಟ್ಟಿ. ಇಂಟರ್‌ನೆಟ್ ಕೈಕೊಡುವುದೂ ಉಂಟು. ಅದಕ್ಕೆಂದು ಒಂದೇ ನಂಬರಿನ ಎರಡು ಭಾಗ ಇರುವ, ಹರಿದು ಕೊಡುವ ಟಿಕೆಟ್ ಪುಸ್ತಕ, ಒಂದು ಪೆನ್ನು, ಮಕ್ಕಳ ಹಾಜರಿ ಹಾಳೆ ಡ್ರಾಯರಿನಲ್ಲಿರಲಿ.