ಹೆಲ್ಮೆಟ್ ಕೊಟ್ಟು ಟೋಪಿ ಹಾಕಿಸಿಕೊಂಡೆ

ಹೆಲ್ಮೆಟ್ ಹಣೆಗೆ ಒತ್ತುತ್ತೆ ಅಂತ ಒಳಗಿನ ಥರ್ಮಾಕೋಲ್ ಒತ್ತಿಸೋಕೋ, ಕೆರೆಸೋಕೋ, ಬಿಸಿ ಮಾಡಿಸೋಕೋ ಹೊರಟಿದ್ದರೆ ದಯವಿಟ್ಟು ನಿಲ್ಲಿ. ನಾನು ಮಾಡಿಸಿದೆ. ನಾಲ್ಕು ತಿಂಗಳು ಅದನ್ನೇ ಹಾಕಿಕೊಂಡು ಓಡಾಡಿದೆ. ಸಾಲದ್ದಕ್ಕೆ ಆಫೀಸಿನಲ್ಲಿ ಇಬ್ಬರಿಗೆ "ಅವನ ಹತ್ರಾನೇ ಹೋಗಿ, ಒಳ್ಳೆ ಕೆಲಸಗಾರ" ಅಂತ ಶಿಫಾರಸು ಬೇರೆ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತೆ. ಬರೀಬೇಕೋ ಬೇಡವೋ ಅಂತ ಮೂರು ದಿನ ಒದ್ದಾಡಿ ಬರೀತಾ ಇದ್ದೀನಿ, ಕೋಪ ಇನ್ನೂ ಇಳಿದಿಲ್ಲ, ಹಿಂದುಮುಂದಾದರೆ ಕ್ಷಮಿಸಿ.

ನನ್ನ ತಲೆ ಉದ್ದ. ಹಣೆಯಿಂದ ಹಿಂದಲೆಗೆ ಉದ್ದ, ಕಿವಿಯಿಂದ ಕಿವಿಗೆ ಅಗಲ ಕಮ್ಮಿ. ಇಂಥದ್ದಕ್ಕೆ ಲಾಂಗ್ ಓವಲ್ ಅಂತಾರಂತೆ. ಅದು ನನಗೆ ತಿಳಿದದ್ದು ದುಡ್ಡು ಹೋದ ಮೇಲೆ. ಕೊಳ್ಳುವಾಗ ಎಲ್ಲರೂ ಮಾಡುವ ಹಾಗೆ ಹುಬ್ಬಿನ ಮೇಲಿಂದ ಟೇಪ್ ಸುತ್ತಿ ಅಳತೆ ತೆಗೆದೆ, 58 ಸೆಂ.ಮೀ. ಬಂತು, ಚಾರ್ಟ್ ನೋಡಿ ಸೈಜ್ ಆರಿಸಿದೆ, ಮುಗೀತು. ಸುತ್ತಳತೆ ಒಂದೇ ಇದ್ದರೂ ಒಬ್ಬರ ತಲೆ ಗುಂಡಗೆ, ಇನ್ನೊಬ್ಬರದು ಉದ್ದಕ್ಕೆ ಇರಬಹುದು ಅಂತ ಚಾರ್ಟ್ ಹೇಳಲ್ಲವಲ್ಲ. ಗುಂಡನೆಯ ಹೆಲ್ಮೆಟ್ಟಿಗೆ ಉದ್ದ ತಲೆ ತೂರಿಸಿದರೆ ಏನಾಗುತ್ತೋ ಅದೇ ಆಯ್ತು: ಹಣೆ ನಟ್ಟನಡುವೆ ಒತ್ತೋದು, ಕಿವಿಯ ಮೇಲೆ ಎರಡೂ ಕಡೆ ಖಾಲಿ ಜಾಗ. ಇಪ್ಪತ್ತು ನಿಮಿಷ ಓಡಿಸೋ ಹೊತ್ತಿಗೆ ಹಣೆಯಲ್ಲಿ ಕೆಂಪು ಗುರುತು, ಆಮೇಲೆ ತಲೆನೋವು.

ಹೊಸದು ಬಿಗಿ ಇರುತ್ತೆ, ಹದಿನೈದಿಪ್ಪತ್ತು ಗಂಟೆ ಹಾಕಿದರೆ ಸ್ಪಂಜು ಕೂತುಕೊಳ್ಳುತ್ತೆ ಅಂತ ಎಲ್ಲರೂ ಹೇಳಿದರು. ಕಾದೆ. ಕೆನ್ನೆ ಹತ್ರ ಸರಿಹೋಯ್ತು. ಹಣೆ ಮಾತ್ರ ಹಾಗೇ. ಒತ್ತುತ್ತಾ ಇದ್ದದ್ದು ಸ್ಪಂಜಾಗಿದ್ದರೆ ತಾನೆ ಕೂರೋದು? ಅದರ ಹಿಂದಿನ ಥರ್ಮಾಕೋಲೇ ಒತ್ತುತ್ತಾ ಇತ್ತು. ಅದು ಯಾವತ್ತೂ ಕೂರಲ್ಲ, ಕೂರಲೂಬಾರದು. ಆ ಹೆಲ್ಮೆಟ್ ನನ್ನ ತಲೆಯದ್ದಲ್ಲ ಅಂತ ಅವತ್ತೇ ಒಪ್ಪಿಕೊಂಡು ವಾಪಸ್ ಕೊಟ್ಟಿದ್ದರೆ ಈ ಕಥೆಯೇ ಇರ್ತಿರಲಿಲ್ಲ.

ವಾಪಸ್ ಕೊಡಲಿಲ್ಲ. ಹೆಲ್ಮೆಟ್ ಫಿಟಿಂಗ್ ಮಾಡಿಕೊಡ್ತೀನಿ ಅನ್ನೋ ಒಬ್ಬನ ಹತ್ರ ಹೋದೆ. ತಿರುಗಿಸಿ ನೋಡಿದ, ಹಣೆಯ ಜಾಗದಲ್ಲಿ ಬೆರಳಿಟ್ಟು ಒತ್ತಿದ, ನಕ್ಕ.

"ಇದೇನು ದೊಡ್ಡ ವಿಷಯ ಅಲ್ಲ ಸರ್. ಸ್ವಲ್ಪ ಅಡ್ಜಸ್ಟ್ ಮಾಡಿದ್ರೆ ಸಾಕು."

ನಾನು ಕೇಳಿದೆ, ಕೇಳಲಿಲ್ಲ ಅಂತಲ್ಲ. "ಸೇಫ್ಟಿಗೆ ಏನೂ ತೊಂದರೆ ಇಲ್ವಾ?"

"ಏನೂ ಇಲ್ಲ ಸರ್. ಪ್ಯಾಡ್ ಮಾತ್ರ ಸೆಟ್ ಮಾಡೋದು."

ಪ್ಯಾಡ್ ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಫಿಟಿಂಗ್ ಅಂದರೆ ನಾವೆಲ್ಲ ಅಂದುಕೊಳ್ಳೋದು ಏನು? ಕೆನ್ನೆ ಪ್ಯಾಡ್ ಬಿಚ್ಚಿ ದಪ್ಪದ್ದೋ ತೆಳ್ಳಗಿನದ್ದೋ ಹಾಕೋದು, ನೆತ್ತಿಯ ಬಟ್ಟೆ ಲೈನರ್ ಬೇರೆ ದಪ್ಪದ್ದು ಕೂರಿಸೋದು. ಎಷ್ಟೋ ಕಂಪನಿಗಳು ಅದಕ್ಕೇ ಅಂತ ಬೇರೆ ಬೇರೆ ದಪ್ಪದ ಪ್ಯಾಡ್ ಮಾರ್ತವೆ. ನಾನೂ ಅಷ್ಟೇ ಅಂದುಕೊಂಡೆ. "ನಾಳೆ ಬನ್ನಿ" ಅಂದ. ಅಲ್ಲೇ ಅನುಮಾನ ಬರಬೇಕಿತ್ತು. ಪ್ಯಾಡ್ ಬದಲಾಯಿಸೋಕೆ ಹತ್ತು ನಿಮಿಷ ಸಾಕು, ಒಂದು ರಾತ್ರಿ ಯಾಕೆ ಬೇಕು?

ಮಾರನೇ ದಿನ ಹಾಕಿ ನೋಡಿದರೆ ಆಹಾ! ದಿಂಬಿಗೆ ತಲೆ ಇಟ್ಟ ಹಾಗಿತ್ತು. ಘಮ್ಮಂತ ಅಂಟಿನ ವಾಸನೆ ಬರ್ತಿತ್ತು, ಕೇಳಿದ್ದಕ್ಕೆ "ಹೊಸ ಅಂಟು ಸರ್, ಎರಡು ದಿನಕ್ಕೆ ಹೋಗುತ್ತೆ" ಅಂದ. ದುಡ್ಡು ಕೊಟ್ಟೆ, ಥ್ಯಾಂಕ್ಸ್ ಹೇಳಿದೆ, ಅವನು ಬರೆದುಕೊಟ್ಟ ಚೀಟಿ ಓದದೆ ಸಹಿ ಹಾಕಿ, ಒಂದು ಪ್ರತಿ ಜೇಬಿಗೆ ತುರುಕಿದೆ. ನಾಲ್ಕು ತಿಂಗಳು ಹಣೆಗೆ ನೋವಿಲ್ಲ. ಅದಕ್ಕೇ ಕಂಡಕಂಡವರಿಗೆಲ್ಲ ಹೊಗಳಿದ್ದು.

ಹೋದ ವಾರ ಹೆಲ್ಮೆಟ್ಟಿನ ಒಳಗಿನ ಬಟ್ಟೆ ಒಗೆಯೋಣ ಅಂತ ಬಿಚ್ಚೋಕೆ ಕೂತೆ. ಟಿಚ್ ಬಟನ್ ಎಳೆದರೆ ಬರಬೇಕು. ಬರಲಿಲ್ಲ. ಅಂಟಿಸಿಬಿಟ್ಟಿದ್ದ. ಜೋರಾಗಿ ಎಳೆದೆ, ಬಟ್ಟೆಯ ಜೊತೆಗೆ ಬಿಳೀ ಕಾಳುಗಳು ಉದುರಿದವು, ಮಡಿಲ ತುಂಬ. ಹಣೆಯ ಜಾಗದಲ್ಲಿ ಹೆಬ್ಬೆರಳು ಹುದುಗುವಷ್ಟು ಹಳ್ಳ! ಬ್ಲೇಡಿನ ಗೆರೆ ಗೆರೆ ಹಾಗೇ ಕಾಣ್ತಾ ಇತ್ತು. ಅಂಟು ತಾಗಿದ ಕಡೆಯೆಲ್ಲ ಥರ್ಮಾಕೋಲ್ ಕರಗಿ ಗುಳಿ ಬಿದ್ದು ಮಿಣಮಿಣ ಹೊಳೀತಾ ಇತ್ತು. ಕಿವಿಯ ಮೇಲಿನ ಖಾಲಿ ಜಾಗಕ್ಕೆ ಹಾಸಿಗೆಗೆ ಹಾಕುವಂಥ ಫೋಮ್ ಚೂರು ಕತ್ತರಿಸಿ ತುರುಕಿದ್ದ. ನಾನು ನಾಲ್ಕು ತಿಂಗಳು ಸುಖ ಅಂದುಕೊಂಡದ್ದು ಈ ಹಳ್ಳವನ್ನ. ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹಳ್ಳದೊಳಗೆ ಬೆರಳಿಡೋದು, ತೆಗೆಯೋದು, ಮತ್ತೆ ಇಡೋದು. ಅಷ್ಟೂ ದಿನ ಅಲ್ಲಿ ನನ್ನ ಹಣೆ ಇತ್ತು.

ಫೋನ್ ಮಾಡಿದೆ. ಎತ್ತಲಿಲ್ಲ. ಫೋಟೋ ಕಳಿಸಿದೆ. ಸಾಯಂಕಾಲ ಉತ್ತರ ಬಂತು. ಇದ್ದದ್ದು ಇದ್ದ ಹಾಗೆ ಹಾಕ್ತೀನಿ.

"ಸರ್ ಈಗ ಹಣೆ ಒತ್ತುತ್ತಾ?"

"ಇಲ್ಲ."

"ಮತ್ತೆ ಏನು ಪ್ರಾಬ್ಲಂ ಸರ್?"

"ಥರ್ಮಾಕೋಲ್ ಕೆರೆದಿದ್ದೀರಲ್ರೀ!"

"ಕೆರೆದಿಲ್ಲ ಸರ್, ಶೇಪ್ ಕೊಟ್ಟಿದ್ದು."

"ಪ್ಯಾಡ್ ಮಾತ್ರ ಅಂದಿದ್ರಿ."

"ಪ್ಯಾಡ್ ಕೂರೋಕೆ ಜಾಗ ಬೇಕಲ್ವಾ ಸರ್?"

ಇದಕ್ಕೆ ಏನಂತ ಉತ್ತರ ಕೊಡೋದು, ಹೇಳಿ. ಆಮೇಲೆ ಪಾಠ ಶುರು. ಹೊರಗಿನ ಚಿಪ್ಪು ಕಲ್ಲಿನ ಥರ ಇದೆ, ತಲೆ ಕಾಯೋದು ಅದೇ, ಥರ್ಮಾಕೋಲ್ ಬರೀ ಸಪೋರ್ಟಿಗೆ, ಟಿವಿ ಡಬ್ಬದಲ್ಲಿ ಬರಲ್ವಾ ಹಂಗೆ. ನೋಡಿ, ಇಲ್ಲೇ ಇರೋದು ಮೋಸ, ಯಾಕಂದ್ರೆ ಕೇಳೋಕೆ ಸರಿ ಅನ್ನಿಸುತ್ತೆ. ಚಿಪ್ಪು ಮಾಡೋದು ಪೆಟ್ಟನ್ನು ಅಗಲಕ್ಕೆ ಹರಡೋ ಕೆಲಸ, ಚೂಪಾದದ್ದು ಒಳಗೆ ನುಗ್ಗದ ಹಾಗೆ ತಡೆಯೋ ಕೆಲಸ. ತಲೆಯನ್ನು ನಿಧಾನಕ್ಕೆ ನಿಲ್ಲಿಸೋದು ಥರ್ಮಾಕೋಲ್. ಅದರ ತುಂಬ ಇರೋದು ಗಾಳಿ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗ್ತಾ ಹೋಗ್ತಾ ತಲೆಯ ವೇಗವನ್ನು ತಿನ್ನುತ್ತೆ. ತಲೆಗೆ ಸಿಗೋ ಬ್ರೇಕ್ ದೂರ ಅಂದ್ರೆ ಆ ಕೆಲವೇ ಸೆಂಟಿಮೀಟರ್ ದಪ್ಪ. ಡಬ್ಬದಲ್ಲಿ ಟಿವಿ ಉಳಿಯೋದೂ ಅದೇ ಕಾರಣಕ್ಕೆ, ಮಹರಾಯ! ಅದರಲ್ಲಿ ಒಂದು ಹೆಬ್ಬೆರಳು ದಪ್ಪ ತೆಗೆದರೆ ಉಳಿದದ್ದೆಷ್ಟು?

ಯುರೋಪಿನ ಹೆಲ್ಮೆಟ್ ಸುರಕ್ಷತೆಗೆ ಇದ್ದ ಇಸಿಇ 22.05 ಅನ್ನೋ ಹಳೆಯ ಮಾನದಂಡದಲ್ಲಿ ಹೆಲ್ಮೆಟ್ಟನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಗಟ್ಟಿ ಕಬ್ಬಿಣಕ್ಕೆ ಬಡಿದು ನೋಡ್ತಿದ್ದರು, ಗಂಟೆಗೆ 27 ಕಿ.ಮೀ. ಅಷ್ಟೇ. ಆಗ ಒಳಗಿನ ಗೊಂಬೆ ತಲೆಗೆ ಬೀಳೋ ಹೊಡೆತ 275 ಜಿ, ಅಂದ್ರೆ ಗುರುತ್ವದ 275 ಪಟ್ಟು, ಮೀರುವಂತಿರಲಿಲ್ಲ. 22.06 ಬಂದ ಮೇಲೆ ಸೆಕೆಂಡಿಗೆ 8.2 ಮೀಟರಿನ ಜೋರು ಪೆಟ್ಟು, 6 ಮೀಟರಿನ ಮೆಲು ಪೆಟ್ಟು ಎರಡೂ ಸೇರಿವೆ, ತಲೆ ತಿರುಚುವ ಪೆಟ್ಟಿನ ಪರೀಕ್ಷೆಯೂ ಇದೆ. ಇದನ್ನೆಲ್ಲ ಪಾಸಾದದ್ದು ಪೂರ್ತಿ ದಪ್ಪದ ಥರ್ಮಾಕೋಲ್. ಬ್ಲೇಡ್ ತಾಗಿದ್ದಲ್ಲ. ಹಿಂದೆ ಅಂಟಿಸಿದ ಸ್ಟಿಕ್ಕರ್ ಮಾತ್ರ ಹಾಗೇ ಇದೆ ನನ್ನದರಲ್ಲಿ, ಹೊಳೀತಾ.

ಕೆರೆಯಲ್ಲ, ಚಮಚದ ಹಿಂಬದಿಯಿಂದ ಒತ್ತುತ್ತೀವಿ ಅಷ್ಟೇ ಅನ್ನೋರೂ ಇದ್ದಾರೆ. ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬಲ್ಲ. ಬೀಳೋ ದಿನಕ್ಕೆ ಇಟ್ಟಿದ್ದನ್ನ ಇವತ್ತೇ ಖರ್ಚು ಮಾಡಿದ ಹಾಗೆ. ಹೀಟ್ ಗನ್ ಇನ್ನೂ ಕೆಟ್ಟದು, 100 ಡಿಗ್ರಿ ಆಸುಪಾಸಿನಲ್ಲೇ ಅದು ಮೆತ್ತಗಾಗಿ ಕುಗ್ಗುತ್ತೆ. ಥಿನ್ನರ್, ಪೆಟ್ರೋಲ್, ಇವೆಲ್ಲ ಅದಕ್ಕೆ ಆಗಿಬರಲ್ಲ, ಎಷ್ಟೋ ಅಂಟುಗಳೂ ಅಷ್ಟೆ. ಇನ್ನು ಆ ಫೋಮ್ ಚೂರು. ಮೆತ್ತಗಿನ ಫೋಮ್ ತುಂಬಿದರೆ ಬಿಗಿ ಇದೆ ಅನ್ನಿಸುತ್ತೆ, ಪೆಟ್ಟಿನಲ್ಲಿ ಅದು ಇಲ್ಲದ ಹಾಗೇ. ನಾನು ಬೆಲ್ಟ್ ಹಾಕಿ ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿದೆ, ಕಣ್ಣು ಮುಚ್ಚೋವರೆಗೆ ಬಂತು. ಇಸಿಇ ಪರೀಕ್ಷೆಯಲ್ಲಿ 10 ಕೆ.ಜಿ. ತೂಕ ಅರ್ಧ ಮೀಟರ್ ಎತ್ತರದಿಂದ ಬಿಟ್ಟು ಜಗ್ಗಿದರೂ 30 ಡಿಗ್ರಿ ಮೇಲೆ ಹೊರಳಬಾರದು. ನನ್ನದು ಎರಡು ಕೈಗೇ ಹೊರಳಿತು.

ಇದನ್ನೆಲ್ಲ ಅವನಿಗೆ ಬರೆದೆ. ಉತ್ತರ: "ನಾಲ್ಕು ತಿಂಗಳಲ್ಲಿ ಏನಾದ್ರೂ ಆಯ್ತಾ ಸರ್ ನಿಮಗೆ?"

ನಾನು ಬಿದ್ದಿಲ್ಲವಾದ್ದರಿಂದ ಅವನ ಕೆಲಸ ಸರಿ!

ದುಡ್ಡು ವಾಪಸ್ ಕೊಡಿ, ಹೊಸ ಹೆಲ್ಮೆಟ್ಟಿನ ಅರ್ಧವಾದ್ರೂ ಕೊಡಿ ಅಂದೆ. ಆಗ ಚೀಟಿಯ ಫೋಟೋ ಕಳಿಸಿದ. ನಾನು ಓದದೆ ಜೇಬಿಗೆ ಹಾಕಿದ್ದೆನಲ್ಲ, ಅದೇ. "ಗ್ರಾಹಕರ ಕೋರಿಕೆಯಂತೆ ಒಳಭಾಗ ಸರಿಪಡಿಸಿದೆ." ಕೆಳಗೆ ನನ್ನ ಸಹಿ. ಕಿವಿ ಮೇಲೆ ಹೂ ಇಡೋಕೆ ಕಿವಿಯನ್ನ ನಾನೇ ಒಡ್ಡಿದ್ದೆ.

ಹೆಲ್ಮೆಟ್ ಕಂಪನಿಗೂ ಬರೆದೆ, ವಾರಂಟಿ ಇತ್ತಲ್ಲ ಅಂತ. ಒಂದೇ ಸಾಲು: ಮಾರ್ಪಾಡು ಮಾಡಿದ ಹೆಲ್ಮೆಟ್ಟಿಗೆ ವಾರಂಟಿ ಅನ್ವಯಿಸುವುದಿಲ್ಲ. ಸಿಟ್ಟು ಬಂತು, ಆದರೆ ಅವರದ್ದು ತಪ್ಪಿಲ್ಲ. ಜೊತೆಗೆ ಕೊಟ್ಟ ಪುಸ್ತಕದಲ್ಲೂ ಮಾರ್ಪಾಡು ಮಾಡಬೇಡಿ ಅಂತಿದೆ. ಅಮೆರಿಕದ ಸಾರಿಗೆ ಇಲಾಖೆಯ (ಡಾಟ್) ನಿಯಮದಲ್ಲಂತೂ ಪ್ರತಿ ಹೆಲ್ಮೆಟ್ ಜೊತೆ ಆ ಸೂಚನೆ ಇರಲೇಬೇಕು. ಯಾರು ಓದ್ತಾರೆ?

ನಾನು ಹೇಳೋದು ಇಷ್ಟೇ. ಕೊಳ್ಳುವಾಗಲೇ ಅರ್ಧ ಗಂಟೆ ತಲೆ ಮೇಲೆ ಇಟ್ಟುಕೊಂಡಿರಿ, ಅಂಗಡಿಯವರು ಮುಖ ಸಿಂಡರಿಸಲಿ. ಹಣೆಯ ಒಂದೇ ಕಡೆ ಒತ್ತಿದರೆ ಬೇರೆ ಆಕಾರದ್ದು ನೋಡಿ, ಸೈಜ್ ಹೆಚ್ಚಿಸಬೇಡಿ. ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಬರಬೇಕು. ಪ್ಯಾಡ್ ಬದಲಾಯಿಸೋದಾದ್ರೆ ಅದೇ ಕಂಪನಿ ಅದೇ ಮಾಡೆಲಿನದ್ದು, ನಿಮ್ಮ ಕಣ್ಣೆದುರಿಗೆ. ಹೆಲ್ಮೆಟ್ ಬಿಟ್ಟು ಬರಬೇಡಿ. ಬಿಟ್ಟು ಮಾತ್ರ ಬರಬೇಡಿ. ಈಗಾಗಲೇ ಯಾರ ಹತ್ರನಾದ್ರೂ ಮಾಡಿಸಿದ್ದರೆ ಇವತ್ತೇ ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿ ನೋಡಿ.

ಶಿಫಾರಸು ಮಾಡಿದ್ದೆನಲ್ಲ, ಆ ಇಬ್ಬರಲ್ಲಿ ಒಬ್ಬರು ಪುಣ್ಯಕ್ಕೆ ಹೋಗಿರಲಿಲ್ಲ. ಇನ್ನೊಬ್ಬರ ಹೆಲ್ಮೆಟ್ ಬಿಚ್ಚಿಸಿ ನೋಡಿದೆವು, ಅದೇ ಹಳ್ಳ, ಅದೇ ಬ್ಲೇಡ್ ಗೆರೆ. ಅವರು ಏನೂ ಬೈಯಲಿಲ್ಲ, ಅದೇ ಕಷ್ಟ ಆಗಿದ್ದು.

ನನ್ನ ಹೆಲ್ಮೆಟ್ಟಿನ ಬೆಲ್ಟ್ ಕತ್ತರಿಸಿ ಬಿಸಾಕಿದೆ, ಆಯ್ದುಕೊಂಡವರು ಯಾರಾದ್ರೂ ಹಾಕಿಕೊಂಡಾರು ಅಂತ. ಅದನ್ನೂ ಅವನಿಗೆ ಬರೆದೆ. ರಾತ್ರಿ ಹತ್ತಕ್ಕೆ ಉತ್ತರ ಬಂತು: "ಹೊಸದು ತಗೊಂಡ್ರೆ ತನ್ನಿ ಸರ್, ಹಳೇ ಕಸ್ಟಮರು ನೀವು, ಫ್ರೀಯಾಗಿ ಸೆಟ್ ಮಾಡಿಕೊಡ್ತೀನಿ."